ಜಿಪ್ಸಿಗೆ ಮಾಡಿಸಿದ ಇನ್‌ಟೇಕ್ ಮ್ಯಾನಿಫೋಲ್ಡ್: ಎರಡು ಸಲ ಪ್ಯಾಕಿಂಗ್ ಬದಲಾಯಿಸಿದರೂ ಗಾಳಿ ಎಳೆಯುತ್ತಿದೆ

ಮಲೆನಾಡು_ಜಿಪ್ಸಿ (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ನನ್ನದು ಕಾರ್ಬುರೇಟರ್ ಇರುವ ಹಳೇ ಜಿಪ್ಸಿ ಕಿಂಗ್. 1.3 ಲೀಟರ್, 8 ವಾಲ್ವ್, ಜಿ13ಬಿಎ ಎಂಜಿನ್. ತೋಟದ ಕೆಲಸಕ್ಕೂ ಅದೇ ಗಾಡಿ, ಮಳೆಗಾಲ ಮುಗಿದ ಮೇಲೆ ಆಫ್‌ರೋಡ್‌ಗೂ ಅದೇ. ದೊಡ್ಡ ಕಾರ್ಬುರೇಟರ್ ಕೂರಿಸಬೇಕು ಅಂತ ಅಲ್ಯುಮಿನಿಯಂನಲ್ಲಿ ಒಂದು ಮ್ಯಾನಿಫೋಲ್ಡ್ (ಕಾರ್ಬುರೇಟರ್‌ನಿಂದ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಎಂಜಿನ್‌ಗೆ ಒಯ್ಯುವ ಭಾಗ) ಮಾಡಿಸಿದೆ. ಪ್ಲೇಟ್ ಕತ್ತರಿಸಿ, ಪೈಪ್ ವೆಲ್ಡ್ ಮಾಡಿ ಕೊಟ್ಟರು. ನೋಡಲು ಚೆನ್ನಾಗಿಯೇ ಇದೆ.

ಕೂರಿಸಿದ ದಿನದಿಂದ ನೆಮ್ಮದಿ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ, ಚೋಕ್ ಇರುವವರೆಗೂ ಸರಿ. ಬಿಸಿಯಾದ ಮೇಲೆ ಐಡ್ಲಿಂಗ್ 1600ಕ್ಕೆ ಏರುತ್ತದೆ, ಆಮೇಲೆ ಇಳಿಯುತ್ತದೆ, ಮತ್ತೆ ಏರುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಕಾರ್ಬುರೇಟರ್‌ನಲ್ಲಿ ಪಟ್ ಪಟ್ ಸದ್ದು. ವ್ಯಾಕ್ಯೂಮ್ ಗೇಜ್ (ಮ್ಯಾನಿಫೋಲ್ಡ್ ಒಳಗಿನ ಎಳೆತ ಅಳೆಯುವ ಮೀಟರ್) 12 ಇಂಚು ತೋರಿಸುತ್ತಿದೆ, ಮುಳ್ಳು ನಡುಗುತ್ತದೆ. ಎಂಜಿನ್ ಹೆಡ್‌ಗೂ ಮ್ಯಾನಿಫೋಲ್ಡ್‌ಗೂ ನಡುವಿನ ಪ್ಯಾಕಿಂಗ್ (ಗ್ಯಾಸ್ಕೆಟ್) ಎರಡು ಸಲ ಬದಲಾಯಿಸಿದೆ. ಎರಡನೇ ಸಲ ಎರಡೂ ಕಡೆ ಸಿಲಿಕಾನ್ ಪೇಸ್ಟ್ ಧಾರಾಳವಾಗಿ ಹಚ್ಚಿ, ನಟ್ ಎಲ್ಲ ಕೈಲಾದಷ್ಟು ಬಿಗಿದೆ. ಮೂರು ದಿನ ಸರಿಯಿತ್ತು, ಮತ್ತೆ ಅದೇ ಕಥೆ.

ಇನ್ನೊಂದು ವಿಷಯ. ರೇಡಿಯೇಟರ್ ನೀರು ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿದೆ, ನೆಲದ ಮೇಲೆ ಮಾತ್ರ ಒಂದು ತೊಟ್ಟೂ ಇಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಹಾಸನ_ಗ್ಯಾರೇಜ್

ಸಂಬಂಧ ಇದೆ ಅಣ್ಣ. ದಯವಿಟ್ಟು ಗಾಡಿ ಇವತ್ತಿಂದ ಸ್ಟಾರ್ಟ್ ಮಾಡಬೇಡಿ.

ಈ ಎಂಜಿನ್‌ನಲ್ಲಿ ಥರ್ಮೋಸ್ಟಾಟ್ ಇರುವುದೇ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ. ಹೆಡ್‌ನಿಂದ ಬರುವ ಬಿಸಿನೀರು ಅದೇ ಪ್ಯಾಕಿಂಗ್ ದಾಟಿ ಮ್ಯಾನಿಫೋಲ್ಡ್ ಒಳಗೆ ಹೋಗುತ್ತದೆ. ಅಂದರೆ ಒಂದೇ ಪ್ಯಾಕಿಂಗ್ ಗಾಳಿಯನ್ನೂ ತಡೆಯಬೇಕು, ನೀರನ್ನೂ ತಡೆಯಬೇಕು. ನೀರಿನ ತೂತಿಗೂ ಗಾಳಿ-ಪೆಟ್ರೋಲ್ ಹೋಗುವ ಪೋರ್ಟ್‌ಗೂ ನಡುವೆ ಇರುವ ಜಾಗ ಬೆರಳಗಲ. ಅಲ್ಲಿ ಬಿಟ್ಟುಕೊಂಡರೆ ನೀರು ನೆಲಕ್ಕೆ ಬೀಳುವುದಿಲ್ಲ, ಸೀದಾ ಸಿಲಿಂಡರ್‌ಗೆ ಹೋಗುತ್ತದೆ. ರಾತ್ರಿ ನಿಂತ ಗಾಡಿಯಲ್ಲಿ ನೀರು ತುಂಬಿ, ಬೆಳಿಗ್ಗೆ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರು ಒತ್ತಿದರೆ ಕುಗ್ಗುವುದಿಲ್ಲ, ಯಾವುದಾದರೂ ಕಬ್ಬಿಣವೇ ಕುಗ್ಗಬೇಕು.

ಬಿಸಿಯಾದ ಮೇಲೆಯೇ ತೊಂದರೆ ಯಾಕೆ ಅಂದರೆ, ಚೋಕ್ ಇರುವಾಗ ಪೆಟ್ರೋಲ್ ಜಾಸ್ತಿ ಬರುತ್ತದೆ. ಕಳ್ಳಗಾಳಿ ಎಷ್ಟು ಬಂದರೂ ಅದು ಮುಚ್ಚಿಹಾಕುತ್ತದೆ. ಚೋಕ್ ತೆರೆದ ತಕ್ಷಣ ಬಣ್ಣ ಬಯಲು.

ಗೇಜ್ ಬಗ್ಗೆ ಒಂದು ಮಾತು. ಪುಸ್ತಕದಲ್ಲಿ 18ರಿಂದ 20 ಇಂಚು ಅಂತ ಬರೆದಿರುವುದು ಸಮುದ್ರಮಟ್ಟಕ್ಕೆ. ನಿಮ್ಮೂರು 900 ಮೀಟರ್‌ಗೂ ಮೇಲೆ. ಪ್ರತಿ 300 ಮೀಟರ್‌ಗೆ ಹತ್ತಿರಹತ್ತಿರ ಒಂದು ಇಂಚು ಕಡಿಮೆ ತೋರಿಸುತ್ತದೆ. ನಿಮಗೆ 16 ಬಂದರೆ ಎಂಜಿನ್ ಆರೋಗ್ಯವಾಗಿದೆ ಅಂತಲೇ ಅರ್ಥ. 12 ಮಾತ್ರ ಖಂಡಿತ ಸರಿಯಲ್ಲ.

ಕೊನೆಗೆ ಆ ಸಿಲಿಕಾನ್. ಪೋರ್ಟ್ ಸುತ್ತ ಯಾಕೆ ಹಚ್ಚಿದಿರಿ ಅಣ್ಣ? ಸಾಮಾನ್ಯ ಆರ್‌ಟಿವಿ ಸಿಲಿಕಾನ್‌ಗೆ ಪೆಟ್ರೋಲ್ ಆಗಿಬರುವುದಿಲ್ಲ. ಉಬ್ಬುತ್ತದೆ, ಮೆತ್ತಗಾಗುತ್ತದೆ, ಕಿತ್ತು ಬರುತ್ತದೆ. ಕಾರ್ಬುರೇಟರ್ ಗಾಡಿಯಲ್ಲಿ ಮ್ಯಾನಿಫೋಲ್ಡ್ ಗೋಡೆಯೆಲ್ಲ ಪೆಟ್ರೋಲ್‌ನಿಂದ ಒದ್ದೆ ಇರುತ್ತದೆ. ಮೂರು ದಿನ ಬಾಳಿದ್ದೇ ಜಾಸ್ತಿ. ಹೊರಗೆ ಎಷ್ಟು ಉಕ್ಕಿ ಬಂದಿದೆಯೋ ಒಳಗೂ ಅಷ್ಟೇ ಉಕ್ಕಿರುತ್ತದೆ. ಬಿಚ್ಚಿ ನೋಡಿ.

ಲೇತ್_ಪೀಣ್ಯ

ಪ್ಯಾಕಿಂಗ್ ಬಗ್ಗೆ ಆಮೇಲೆ ಮಾತಾಡೋಣ. ಮೊದಲು ಫ್ಲಾಂಜ್ (ಹೆಡ್‌ಗೆ ಕೂರುವ ಪ್ಲೇಟ್) ಎಷ್ಟು ದಪ್ಪ, ವೆಲ್ಡ್ ಆದಮೇಲೆ ಫೇಸಿಂಗ್ (ಮುಖವನ್ನು ಮೆಷಿನ್‌ನಲ್ಲಿ ಸಮತಟ್ಟು ಮಾಡುವುದು) ಮಾಡಿದ್ದಾರಾ, ಇವೆರಡು ಹೇಳಿ.

ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಅಲ್ಯುಮಿನಿಯಂ ಪ್ಲೇಟ್‌ಗೆ ಒಂದು ಕಡೆಯಿಂದ ವೆಲ್ಡ್ ಹಾಕಿದರೆ ಅದು ಆ ಕಡೆಗೆ ಎಳೆದುಕೊಳ್ಳುತ್ತದೆ. ಬಾಳೆಎಲೆ ಬಿಸಿಲಿಗೆ ಬಾಗಿದ ಹಾಗೆ. ದಪ್ಪ ಕಬ್ಬಿಣದ ತುಂಡಿಗೆ ಬೋಲ್ಟ್ ಮಾಡಿ ವೆಲ್ಡ್ ಹಾಕಿದರೂ, ಬಿಚ್ಚಿದ ಮೇಲೆ ಸ್ವಲ್ಪ ಬಾಗಿಯೇ ಬಾಗುತ್ತದೆ. ಅದಕ್ಕೇ ದಪ್ಪ ಪ್ಲೇಟ್ ಹಾಕಿ, ವೆಲ್ಡ್ ಮುಗಿಸಿ, ಪೂರ್ತಿ ತಣ್ಣಗಾದ ಮೇಲೆ ಮಿಲ್ಲಿಂಗ್‌ನಲ್ಲಿ ಫೇಸಿಂಗ್ ಹೊಡೆಯಬೇಕು. ಮೊದಲೇ ಫೇಸ್ ಮಾಡಿ ಆಮೇಲೆ ವೆಲ್ಡ್ ಮಾಡಿದರೆ ಮಾಡಿದ ಫೇಸಿಂಗ್ ದಂಡ.

ಸ್ಟ್ರೇಟ್‌ಎಡ್ಜ್ (ನೇರ ಅಂಚಿನ ಪಟ್ಟಿ) ಇದ್ದರೆ ಫ್ಲಾಂಜ್ ಮೇಲೆ ಉದ್ದಕ್ಕೂ, ಎರಡು ಮೂಲೆಗೂ ಅಡ್ಡಲಾಗಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿ. ಹೆಡ್ ಕಡೆಗೂ ಹಾಗೇ ಮಾಡಿ. 0.1 ಮಿಮೀ ಎಲೆ ಒಳಗೆ ಹೋಗಬಾರದು. ಹೋದರೆ ಯಾವ ಪ್ಯಾಕಿಂಗ್ ತಂದರೂ ಬಾಳುವುದಿಲ್ಲ.

ಸ್ಟ್ರೇಟ್‌ಎಡ್ಜ್ ಇಲ್ಲದವರಿಗೆ ಇನ್ನೊಂದು ದಾರಿ. ಬಿಲ್ ಪುಸ್ತಕದ ಕಾರ್ಬನ್ ಪೇಪರ್, ಜೊತೆಗೆ ಒಂದು ಬಿಳಿ ಹಾಳೆ. ಸ್ಟಡ್ (ನಟ್ ಬಿಗಿಯುವ, ತಲೆ ಇಲ್ಲದ ಬೋಲ್ಟ್) ತೂರಲು ತೂತು ಮಾಡಿ ಎರಡನ್ನೂ ನಡುವೆ ಇಟ್ಟು ನಟ್ ಹಗುರವಾಗಿ ಬಿಗಿಯಿರಿ. ಬಿಚ್ಚಿದರೆ ಎಲ್ಲಿ ಒತ್ತಿದೆ, ಎಲ್ಲಿ ಒತ್ತಿಲ್ಲ ಅಂತ ಹಾಳೆಯೇ ತೋರಿಸುತ್ತದೆ. ತೆಳು ಫ್ಲಾಂಜ್ ಆದರೆ ನಟ್ ಸುತ್ತ ಕಪ್ಪು ಉಂಗುರ ಮಾತ್ರ ಕಾಣುತ್ತದೆ, ನಡುವೆ ಬಿಳಿ ಉಳಿಯುತ್ತದೆ. ನೀವು ಜಾಸ್ತಿ ಬಿಗಿದಷ್ಟೂ ಆ ನಡುಭಾಗ ಇನ್ನೂ ಮೇಲೇಳುತ್ತದೆ.

ಮಲೆನಾಡು_ಜಿಪ್ಸಿ

ಬಿಚ್ಚಿದೆ. ನೋಡಿ ಬೇಜಾರಾಯಿತು.

ಫ್ಲಾಂಜ್ 8 ಮಿಮೀ. ವೆಲ್ಡ್ ಆದಮೇಲೆ ಫೇಸಿಂಗ್ ಮಾಡಿಲ್ಲ, ಫೋನ್ ಮಾಡಿ ಕೇಳಿದೆ, ಡಿಸ್ಕ್ ಹೊಡೆದು ನೈಸ್ ಮಾಡಿದ್ದೇವೆ ಅಂದರು. ನಡುವೆ 0.35 ಎಲೆ ಸಲೀಸಾಗಿ ಹೋಗುತ್ತದೆ. ಹೆಡ್ ಕಡೆ ಸಮತಟ್ಟಾಗಿದೆ, 0.05 ಕೂಡ ಹೋಗಲಿಲ್ಲ. ಆದರೆ ನೀರಿನ ತೂತಿನ ಸುತ್ತ ಸಣ್ಣ ಸಣ್ಣ ಗುಂಡಿ ಬಿದ್ದಿವೆ. ಮುಂಚಿನ ಮಾಲೀಕರು ಕೂಲಂಟ್ ಹಾಕದೆ ಬಾವಿ ನೀರೇ ಓಡಿಸಿದ್ದರು.

ಪೋರ್ಟ್ ಒಳಗೆ ಸಿಲಿಕಾನ್ ಸುತ್ತಲೂ ನೇತಾಡುತ್ತಿತ್ತು. ಒಂದು ಕಡೆ ಕಡಲೇಬೀಜದ ಗಾತ್ರದ ತುಂಡು ಇಲ್ಲ. ಎಂಜಿನ್ ನುಂಗಿದೆ ಅಂತ ಕಾಣುತ್ತದೆ. ಏನಾದರೂ ಅಪಾಯ ಇದೆಯಾ?

ಹಾಸನ_ಗ್ಯಾರೇಜ್

ಮೆತ್ತನೆಯ ತುಂಡು, ಸಾಮಾನ್ಯವಾಗಿ ಸುಟ್ಟು ಹೊರಗೆ ಹೋಗಿರುತ್ತದೆ. ಆದರೂ ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರ್ ಕಂಪ್ರೆಷನ್ ನೋಡಿ. ಒಂದರಲ್ಲಿ ಮಾತ್ರ ಕಡಿಮೆ ಇದ್ದರೆ ವಾಲ್ವ್ ಸೀಟಿನಲ್ಲಿ ಏನೋ ಸಿಕ್ಕಿಕೊಂಡಿದೆ ಅಂತ. ಆಯಿಲ್ ಡಿಪ್‌ಸ್ಟಿಕ್ ಕೂಡ ನೋಡಿ, ಹಾಲಿನ ಚಹಾದ ಬಣ್ಣ ಬಂದಿದ್ದರೆ ನೀರು ಕೆಳಗೂ ಇಳಿದಿದೆ.

ಉಳಿದ ಸಿಲಿಕಾನ್ ಕೆರೆಯುವಾಗ ಪೋರ್ಟ್‌ಗೆ ಬಟ್ಟೆ ತುರುಕಿ. ಎಷ್ಟು ಬಟ್ಟೆ ಹಾಕಿದಿರಿ ಅಂತ ಎಣಿಸಿಟ್ಟುಕೊಳ್ಳಿ. ಅಲ್ಯುಮಿನಿಯಂ ಮೇಲೆ ಎಮರಿ, ಡಿಸ್ಕ್ ಬೇಡವೇ ಬೇಡ. ಆ ಪುಡಿ ಆಯಿಲ್‌ಗೆ ಸೇರಿದರೆ ಬೇರಿಂಗ್ ಹೋಗುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರ್, ಥಿನ್ನರ್, ತಾಳ್ಮೆ, ಇಷ್ಟು ಸಾಕು.

ಹೊಸಬ_ತುಮಕೂರು

ನಾನು ಈ ಕೆಲಸಕ್ಕೆ ಹೊಸಬ, ತಪ್ಪಿದ್ದರೆ ತಿದ್ದಿ. 0.35 ಮಿಮೀ ಗ್ಯಾಪ್ ತಾನೇ? 1.5 ಮಿಮೀ ಪ್ಯಾಕಿಂಗ್ ಶೀಟ್ ತಂದು ಹಾಕಿದರೆ ಅಥವಾ ಎರಡು ಪ್ಯಾಕಿಂಗ್ ಜೋಡಿಸಿ ಹಾಕಿದರೆ ಗ್ಯಾಪ್ ತುಂಬುವುದಿಲ್ಲವಾ? ಸುಮ್ನೆ ಫೇಸಿಂಗ್‌ಗೆ ಯಾಕೆ ಖರ್ಚು?

ಲೇತ್_ಪೀಣ್ಯ

ಒಳ್ಳೆ ಪ್ರಶ್ನೆ ತಮ್ಮ. ಮುಕ್ಕಾಲು ಜನ ಮಾಡುವುದು ಅದನ್ನೇ.

ಪ್ಯಾಕಿಂಗ್ ತಡೆಯುವುದು ತನ್ನ ದಪ್ಪದಿಂದ ಅಲ್ಲ. ಅದರ ಮೇಲೆ ಬೀಳುವ ಒತ್ತಡದಿಂದ. ಎರಡು ಲೋಹದ ಮುಖದಲ್ಲಿ ಕಣ್ಣಿಗೆ ಕಾಣದ ಗೀರು ಇರುತ್ತವಲ್ಲ, ಒತ್ತಡಕ್ಕೆ ಪ್ಯಾಕಿಂಗ್ ಅದರೊಳಗೆ ನುಗ್ಗಿ ಕೂರುತ್ತದೆ. ಮುಖ ಬಾಗಿದ್ದರೆ ಎರಡು ತುದಿಯಲ್ಲಿ ಜಜ್ಜಿಹೋಗುವಷ್ಟು ಒತ್ತಡ, ನಡುವೆ ಏನೂ ಇಲ್ಲ. ದಪ್ಪ ಶೀಟ್ ಹಾಕಿದರೆ ಮೊದಲ ದಿನ ನಡುವೆ ತಾಗಬಹುದು. ಬಿಸಿಯಾಗಿ ತಣ್ಣಗಾಗಿ ಬಿಸಿಯಾಗಿ ಅದು ಕುಗ್ಗುತ್ತದೆ, ದಪ್ಪ ಇದ್ದಷ್ಟೂ ಜಾಸ್ತಿ ಕುಗ್ಗುತ್ತದೆ, ನಟ್ ಬಿಗಿ ಕಳೆದುಕೊಳ್ಳುತ್ತದೆ. ಒಳಗೆ ವ್ಯಾಕ್ಯೂಮ್, ಹೊರಗೆ ಗಾಳಿಯ ಒತ್ತಡ. ಹಿಡಿತ ತಪ್ಪಿದ ಪ್ಯಾಕಿಂಗನ್ನು ಗಾಳಿ ಒಳಕ್ಕೆ ತಳ್ಳುತ್ತದೆ. ಎರಡು ಪ್ಯಾಕಿಂಗ್ ಜೋಡಿಸಿದರೆ ಸೋರಲು ಇನ್ನೊಂದು ಹೊಸ ಸಂದು ನೀವೇ ಮಾಡಿಕೊಟ್ಟ ಹಾಗೆ.

ಮುಖ ಸರಿಯಿದ್ದರೆ 0.8 ಮಿಮೀ ಶೀಟ್ ಬೇಕಾದಷ್ಟಾಯಿತು.

ಮಿಶಿಗನ್_ಮೈಸೂರು

ಈ ಚರ್ಚೆ ಓದಿ ನನ್ನದೂ ಹೇಳಬೇಕು ಅನ್ನಿಸಿತು. ನಾನು ಇರುವುದು ಡೆಟ್ರಾಯಿಟ್ ಹತ್ತಿರ. 1978ರ ಶೆವರ್ಲೆ ಪಿಕಪ್ ಇದೆ, 350 ಸ್ಮಾಲ್ ಬ್ಲಾಕ್ ವಿ8 ಎಂಜಿನ್, ವಿ ಆಕಾರದಲ್ಲಿ ಎರಡು ಸಾಲು ಸಿಲಿಂಡರ್. ಅದಕ್ಕೆ ಎಡೆಲ್‌ಬ್ರಾಕ್ ಪರ್ಫಾರ್ಮರ್ ಮ್ಯಾನಿಫೋಲ್ಡ್ ಹಾಕಿದೆ. ಮ್ಯಾನಿಫೋಲ್ಡ್‌ನಲ್ಲಿ ಏನೂ ತಪ್ಪಿರಲಿಲ್ಲ. ತಪ್ಪೆಲ್ಲ ನನ್ನದು.

ನಿಮ್ಮ ಎಂಜಿನ್‌ನಲ್ಲಿ ಒಂದೇ ಮುಖ. ಇಲ್ಲಿ ಮ್ಯಾನಿಫೋಲ್ಡ್ ಎರಡು ಹೆಡ್ ನಡುವೆ ಬೆಣೆಯ ಹಾಗೆ ಕೂರುತ್ತದೆ. ಎಡಕ್ಕೆ ಒಂದು, ಬಲಕ್ಕೆ ಒಂದು, ಜೊತೆಗೆ ಮುಂದೆ ಹಿಂದೆ ಬ್ಲಾಕ್‌ನ ಎರಡು ಗೋಡೆ, ಒಟ್ಟು ನಾಲ್ಕು ಮುಖ ಒಟ್ಟಿಗೆ ಕೂಡಬೇಕು. ಕೆಳಗೆ ಟ್ಯಾಪೆಟ್ (ವಾಲ್ವ್ ಎತ್ತುವ ಭಾಗ) ಇರುವ ಕಣಿವೆ, ಅದರ ತುಂಬ ಆಯಿಲ್ ಚಿಮ್ಮುತ್ತಿರುತ್ತದೆ.

ನನ್ನ ಹೆಡ್ ಬಾಗಿದೆ ಅಂತ ಒಂದು ಮೆಷಿನ್ ಶಾಪ್‌ನಲ್ಲಿ ತಳದಿಂದ 30 ಥೌ (ಇಂಚಿನ ಸಾವಿರದಲ್ಲಿ ಒಂದು ಭಾಗಕ್ಕೆ ಒಂದು ಥೌ) ತೆಗೆಸಿದ್ದೆ. ಅಂದರೆ ಮುಕ್ಕಾಲು ಮಿಲಿಮೀಟರ್. ಹೆಡ್ ಅಷ್ಟು ಕೆಳಗಿಳಿದರೆ ಎರಡೂ ಹೆಡ್ ಹತ್ತಿರ ಬರುತ್ತವೆ, ಬೆಣೆ ಮೇಲೆಯೇ ನಿಂತುಬಿಡುತ್ತದೆ. ಈ ಎಂಜಿನ್‌ಗೆ ಲೆಕ್ಕ ಏನೆಂದರೆ, ತಳದಿಂದ 10 ಥೌ ತೆಗೆದರೆ ಇನ್‌ಟೇಕ್ ಮುಖದಿಂದ 12 ಥೌ ಚಿಲ್ಲರೆ, ಮ್ಯಾನಿಫೋಲ್ಡ್ ತಳದ ಎರಡು ತುದಿಯಿಂದ 17 ಥೌ ತೆಗೆಯಬೇಕು. ನನಗೆ ಆಗ ಇದು ಗೊತ್ತಿರಲಿಲ್ಲ. ಬೋಲ್ಟ್ ತೂತು ಕೂಡಲಿಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿ, 12 ಬೋಲ್ಟ್ ಹೇಗೋ ಹಿಡಿಸಿ ಬಿಗಿದೆ. ಕಿಟ್‌ನಲ್ಲಿ ಬಂದ ಕಾರ್ಕ್ ಪಟ್ಟಿಯನ್ನೇ ಮುಂದಿನ ಹಿಂದಿನ ಗೋಡೆಗೆ ಹಾಕಿದೆ. ಅದು ಮ್ಯಾನಿಫೋಲ್ಡನ್ನು ಇನ್ನೂ ಎತ್ತಿ ಹಿಡಿಯಿತು.

ಗಾಡಿ ಚೆನ್ನಾಗಿಯೇ ಓಡಿತು. ಆದರೆ 500 ಮೈಲಿಗೆ ಒಂದು ಕ್ವಾರ್ಟ್ ಆಯಿಲ್ ಖಾಲಿ, ಹೆಚ್ಚುಕಡಿಮೆ ಒಂದು ಲೀಟರ್. ಇಳಿಜಾರಿನಲ್ಲಿ ಕಾಲು ತೆಗೆದರೆ ಹಿಂದೆ ನೀಲಿ ಹೊಗೆ. ಪಿಸ್ಟನ್ ರಿಂಗ್ ಹೋಯಿತು ಅಂದುಕೊಂಡೆ. ಕಾರ್ಬ್ ಕ್ಲೀನರ್ ಸುತ್ತಲೂ ಹೊಡೆದು ನೋಡಿದೆ, ಐಡ್ಲಿಂಗ್ ಕದಲಲಿಲ್ಲ. ಕದಲುವುದಾದರೂ ಹೇಗೆ, ಸೋರುತ್ತಿದ್ದದ್ದು ಪೋರ್ಟ್‌ನ ಕೆಳತುದಿಯಲ್ಲಿ, ಕಣಿವೆಯ ಒಳಗೆ! ಹೊರಗಿನಿಂದ ಅಲ್ಲಿಗೆ ಏನೂ ತಲುಪುವುದಿಲ್ಲ. ಎಂಜಿನ್ ಕಣಿವೆಯ ಆಯಿಲ್ ಹಬೆಯನ್ನು ಎಳೆದು ಸುಡುತ್ತಿತ್ತು.

ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ಹೇಳಿಕೊಟ್ಟ ಪರೀಕ್ಷೆ ಇದು. ಪಿಸಿವಿ ಹೋಸ್ (ಎಂಜಿನ್ ಒಳಗಿನ ಹಬೆಯನ್ನು ಕಾರ್ಬುರೇಟರ್ ಕಡೆಗೆ ಒಯ್ಯುವ ಪೈಪ್) ಕಿತ್ತು ಕಾರ್ಬುರೇಟರ್ ಕಡೆಗೆ ಬಿರಡೆ ಹಾಕಿ. ಎಂಜಿನ್‌ನ ಉಸಿರಾಟದ ತೂತು ಎಲ್ಲ ಮುಚ್ಚಿ. ಐಡ್ಲಿಂಗ್‌ನಲ್ಲಿ ಆಯಿಲ್ ಹಾಕುವ ಬಾಯಿಗೆ ಅಂಗೈ ಇಡಿ. ಸರಿಯಿರುವ ಎಂಜಿನ್ ಸ್ವಲ್ಪ ಸ್ವಲ್ಪ ಊದುತ್ತದೆ. ನನ್ನದು ಅಂಗೈಯನ್ನು ಒಳಕ್ಕೆ ಎಳೆಯಿತು. ಆ ಕ್ಷಣ ನನಗಾದ ಸಮಾಧಾನ ಹೇಳಲಾರೆ, ರಿಂಗ್ ಅಲ್ಲ, ಬರೀ ಪ್ಯಾಕಿಂಗ್.

ಮತ್ತೆ ಬಿಚ್ಚಿ ಮ್ಯಾನಿಫೋಲ್ಡ್ ಮುಖ, ತಳ ಎರಡೂ ಲೆಕ್ಕದಂತೆ ಮೆಷಿನ್‌ನಲ್ಲಿ ತೆಗೆಸಿದೆ. ಪ್ಯಾಕಿಂಗ್ ಇಲ್ಲದೆ ಒಮ್ಮೆ, ಪ್ಯಾಕಿಂಗ್ ಇಟ್ಟು ಒಮ್ಮೆ ಏನೂ ಹಚ್ಚದೆ ಒಣದಾಗಿಯೇ ಕೂರಿಸಿ ನೋಡಿದೆ, ತೂತೆಲ್ಲ ಕೈಯಲ್ಲೇ ಕೂಡಿತು. ಕಾರ್ಕ್ ಪಟ್ಟಿ ಬಿಸಾಕಿ, ಆ ಎರಡು ಗೋಡೆಗೆ ಮಾತ್ರ 6 ಮಿಮೀ ದಪ್ಪ ಆರ್‌ಟಿವಿ ಎಳೆದೆ. ಅಲ್ಲಿ ಪೆಟ್ರೋಲ್ ಇಲ್ಲ, ಬರೀ ಆಯಿಲ್, ಹಾಗಾಗಿ ಸಿಲಿಕಾನ್ ಅಲ್ಲಿಗೆ ಸರಿ. ಮ್ಯಾನಿಫೋಲ್ಡ್ ನೇರವಾಗಿ ಮೇಲಿಂದ ಇಳಿಸಬೇಕು, ಜರುಗಿಸಿದರೆ ಸಿಲಿಕಾನ್ ಒರೆಸಿಹೋಗುತ್ತದೆ. ನಾಲ್ಕು ಮೂಲೆಗೆ ತಲೆ ಕತ್ತರಿಸಿದ ಉದ್ದ ಬೋಲ್ಟ್ ನಿಲ್ಲಿಸಿ ಅದರ ಮೇಲೆ ಇಳಿಸಿದೆ. ಬೋಲ್ಟ್ ಎಳೆಗೆ ಸೀಲಂಟ್ ಹಚ್ಚಿದೆ. ನಡುವಿನಿಂದ ಶುರುಮಾಡಿ ಆಚೆ ಈಚೆ ಹೊರಕ್ಕೆ, ಮೊದಲು 10, ಆಮೇಲೆ 18, ಕೊನೆಗೆ 25 ಫುಟ್ ಪೌಂಡ್.

ಇನ್ನೊಂದು ವ್ಯತ್ಯಾಸ. ನನ್ನ ಹೆಡ್ ಬೀಡಿನದು, ಮ್ಯಾನಿಫೋಲ್ಡ್ ಅಲ್ಯುಮಿನಿಯಂ. 450 ಮಿಮೀ ಉದ್ದಕ್ಕೆ 100 ಡಿಗ್ರಿ ಬಿಸಿ ಏರಿದರೆ ಅಲ್ಯುಮಿನಿಯಂ ಸುಮಾರು 1 ಮಿಮೀ ಬೆಳೆಯುತ್ತದೆ, ಬೀಡು ಅದರ ಅರ್ಧ. ಪ್ರತಿ ಸಲ ಪ್ಯಾಕಿಂಗ್ ಎರಡರ ನಡುವೆ ಉಜ್ಜಿಕೊಳ್ಳುತ್ತದೆ. ಜಿಪ್ಸಿಯಲ್ಲಿ ಎರಡೂ ಅಲ್ಯುಮಿನಿಯಂ, ಆ ಒಂದು ಪುಣ್ಯ ನಿಮಗಿದೆ.

ಮಲೆನಾಡು_ಜಿಪ್ಸಿ

ಅಣ್ಣ, ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಹಾಗಾದರೆ ನನ್ನ ಮ್ಯಾನಿಫೋಲ್ಡ್ ಫೇಸಿಂಗ್ ಮಾಡಿಸಿದರೆ ತೂತು ಕೂಡದ ತೊಂದರೆ ನನಗೂ ಬರುತ್ತದಾ?

ಲೇತ್_ಪೀಣ್ಯ

ಬರುವುದಿಲ್ಲ. ನಿಮ್ಮದು ಒಂದೇ ಮುಖ. ಅರ್ಧ ಮಿಮೀ ತೆಗೆದರೆ ಮ್ಯಾನಿಫೋಲ್ಡ್ ಅರ್ಧ ಮಿಮೀ ಹೆಡ್ ಕಡೆ ಸರಿಯುತ್ತದೆ, ಅಷ್ಟೇ. ಆದರೆ 8 ಮಿಮೀ ಫ್ಲಾಂಜ್‌ನಲ್ಲಿ ಅರ್ಧ ಹೋದರೆ ಏಳೂವರೆ. ನಟ್ ನಡುವಿನ ಅಂತರ ಜಾಸ್ತಿ ಇರುವ ಕಡೆ ಹಿಂದಿನಿಂದ ಪಟ್ಟಿ ವೆಲ್ಡ್ ಮಾಡಿಸಿ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಫೇಸಿಂಗ್. ಈ ಕ್ರಮ ತಪ್ಪಬೇಡಿ. ಹೊಸದೇ ಮಾಡಿಸುವುದಾದರೆ 12 ಮಿಮೀ ಪ್ಲೇಟ್ ಕೇಳಿ.

ಸ್ಟಡ್ 8 ಮಿಮೀ ಇದ್ದರೆ ಫ್ಲಾಂಜ್ ತೂತು 8.5ರಿಂದ 9 ಇರಲಿ. ತೂತಿನ ಗೋಡೆ ಸ್ಟಡ್‌ಗೆ ಒರಸುತ್ತಿದ್ದರೆ ನಟ್‌ನ ಬಿಗಿಯೆಲ್ಲ ಆ ಉಜ್ಜಾಟಕ್ಕೇ ಹೋಗುತ್ತದೆ, ಪ್ಯಾಕಿಂಗ್‌ಗೆ ತಲುಪುವುದಿಲ್ಲ.

ಹೆಡ್‌ನ ನೀರಿನ ತೂತಿನ ಗುಂಡಿ ಉಗುರಿಗೆ ಸಿಗುತ್ತದೆ ಅಂದರೆ ಮಾತ್ರ ಯೋಚನೆ. ಆಳ ಇದ್ದು ಪೋರ್ಟ್ ಕಡೆಗೆ ಹರಿದಿದ್ದರೆ ಹೆಡ್ ಬಿಚ್ಚಿ, ವೆಲ್ಡ್ ತುಂಬಿಸಿ, ಫೇಸ್ ಮಾಡಿಸಲೇಬೇಕು. ಬೇರೆ ದಾರಿ ಇಲ್ಲ.

ಮಂಡ್ಯ_ಆಂಬಿ

ನಮ್ಮ ಕಡೆ ಹಳೇ ಮೇಸ್ತ್ರಿಗಳೆಲ್ಲ ಪ್ಯಾಕಿಂಗ್‌ಗೆ ಶೆಲ್ಲಾಕ್ ಹಚ್ಚಿಯೇ ಕೂರಿಸುತ್ತಾರೆ. ಅಂಬಾಸಿಡರ್ ಕಾಲದಿಂದ ನಡೆದುಬಂದಿದೆ. ಅದು ಪೆಟ್ರೋಲ್‌ಗೆ ಕರಗುವುದಿಲ್ಲ. ಮತ್ತೆ ಲೀಕ್ ಹುಡುಕಲು ಇಷ್ಟೆಲ್ಲ ಯಾಕೆ, ಅಗರಬತ್ತಿ ಹಚ್ಚಿ ಪ್ಯಾಕಿಂಗ್ ಸುತ್ತ ಹಿಡಿದರೆ ಹೊಗೆ ಎಲ್ಲಿ ಒಳಗೆ ಹೋಗುತ್ತದೋ ಅಲ್ಲೇ ಲೀಕ್.

ಹಾಸನ_ಗ್ಯಾರೇಜ್

ಶೆಲ್ಲಾಕ್ ವಿಷಯ ಹೌದು, ಬರೀ ಪೆಟ್ರೋಲ್‌ಗೆ ಕರಗುವುದಿಲ್ಲ. ಆದರೆ ಅದು ಅರಗು. ಬಡಗಿಗಳು ಪಾಲಿಶ್‌ಗೆ ಅದೇ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸುತ್ತಾರೆ, ಅಲ್ವಾ? ಸ್ಪಿರಿಟ್ ಅಂದರೆ ಆಲ್ಕೊಹಾಲ್. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ಎಥನಾಲ್ ಇದೆ. ಅಂಬಾಸಿಡರ್ ಕಾಲದ ಪೆಟ್ರೋಲ್ ಬೇರೆ, ಈಗಿನದು ಬೇರೆ. ಪೋರ್ಟ್ ಸುತ್ತ ನಾನಂತೂ ಈಗ ಹಚ್ಚುವುದಿಲ್ಲ. ಮುಖ ಸರಿಯಿದ್ದರೆ ಪೋರ್ಟ್ ಸುತ್ತ ಒಣ ಪ್ಯಾಕಿಂಗ್. ನೀರಿನ ತೂತಿನ ಸುತ್ತ ಮಾತ್ರ ಗ್ರೇ ಅನಾಬಾಂಡ್ (ಎಂಜಿನ್‌ಗೆ ಹಚ್ಚುವ ಸಿಲಿಕಾನ್), ಕಾಗದದಷ್ಟು ತೆಳುವಾಗಿ ಬೆರಳಲ್ಲಿ ಒರೆಸಿದ ಹಾಗೆ. ಬಾತ್‌ರೂಮ್‌ಗೆ ಹಾಕುವ, ವಿನೆಗರ್ ವಾಸನೆ ಬರುವ ಸಿಲಿಕಾನ್ ಅಲ್ಲ. ಅದು ಲೋಹ ತಿನ್ನುತ್ತದೆ.

ಅಗರಬತ್ತಿ ಮಾತ್ರ ದಯವಿಟ್ಟು ಬೇಡ. ಕಾರ್ಬುರೇಟರ್ ಪಕ್ಕದಲ್ಲಿ ಕೆಂಡ ಹಿಡಿಯುವುದು ತುಂಬಾ ಅಪಾಯ. ಈ ಕೆಲಸದಲ್ಲಿ ಕೈ ಸುಟ್ಟುಕೊಂಡವರನ್ನು ಕಣ್ಣಾರೆ ನೋಡಿದ್ದೇನೆ. ಬಟ್ಟೆಗೆ ಇಸ್ತ್ರಿ ಮಾಡುವಾಗ ನೀರು ಹೊಡೆಯುವ ಸ್ಪ್ರೇ ಬಾಟಲಿ ಸಾಕು. ಸಂದಿಗೆ ನೀರು ಹೊಡೆಯಿರಿ. ಲೀಕ್ ಇರುವ ಕಡೆ ನೀರು ಕ್ಷಣಹೊತ್ತು ಮುಚ್ಚುತ್ತದೆ, ಎಂಜಿನ್ ಸದ್ದು ಬದಲಾಗುತ್ತದೆ. ಡಿಸ್ಟ್ರಿಬ್ಯೂಟರ್ ಮೇಲೆ ಬೀಳದಂತೆ ನೋಡಿಕೊಳ್ಳಿ.

ಮಂಡ್ಯ_ಆಂಬಿ

ಎಥನಾಲ್ ವಿಷಯ ಯೋಚಿಸಿರಲಿಲ್ಲ. ಸರಿ, ಒಪ್ಪಿದೆ. ಅಗರಬತ್ತಿಯೂ ಬಿಟ್ಟೆ.

ಮಲೆನಾಡು_ಜಿಪ್ಸಿ

ಹತ್ತು ದಿನ ಆಯಿತು, ಈಗ ವರದಿ.

ಹಾಸನಕ್ಕೆ ತೆಗೆದುಕೊಂಡು ಹೋಗಿ ಹಿಂದಿನಿಂದ ಎರಡು ಪಟ್ಟಿ ವೆಲ್ಡ್ ಮಾಡಿಸಿ, ರಾತ್ರಿ ಬಿಟ್ಟು, ಮರುದಿನ ಮಿಲ್ಲಿಂಗ್‌ನಲ್ಲಿ ಫೇಸಿಂಗ್ ಮಾಡಿಸಿದೆ. ಪಕ್ಕದಲ್ಲೇ ನಿಂತಿದ್ದೆ. ಮೊದಲ ಕಟ್ಟಿಂಗ್‌ನಲ್ಲಿ ಎರಡು ತುದಿ ಮಾತ್ರ ಹೊಳೆಯಿತು, ನಡುವೆ ಕಪ್ಪಾಗಿಯೇ ಉಳಿಯಿತು. ಆಗಲೇ ಎಲ್ಲ ಅರ್ಥವಾಯಿತು. ಒಟ್ಟು ಅರ್ಧ ಮಿಮೀ ಹೋಯಿತು. ಈಗ 0.05 ಎಲೆ ಎಲ್ಲೂ ಹೋಗುವುದಿಲ್ಲ. ಕಾರ್ಬನ್ ಪೇಪರ್ ಇಟ್ಟು ನೋಡಿದೆ, ಪೋರ್ಟ್ ಸುತ್ತ ಪೂರ್ತಿ ಕಪ್ಪು.

ಹೆಡ್‌ನ ಗುಂಡಿ ಉಗುರಿಗೆ ಸಿಗಲಿಲ್ಲ, ಬಚಾವ್. ಕಂಪ್ರೆಷನ್ ನಾಲ್ಕರಲ್ಲೂ ಹತ್ತಿರಹತ್ತಿರ ಒಂದೇ. ಆಯಿಲ್ ಬಣ್ಣ ಸರಿಯಿದೆ, ಆದರೂ ಬದಲಾಯಿಸಿದೆ. ಪ್ಯಾಕಿಂಗ್ 0.8 ಶೀಟ್‌ನಲ್ಲಿ ನಾನೇ ಕತ್ತರಿಸಿದೆ. ಪೋರ್ಟ್ ತೂತು ಒಂದು ಮಿಮೀ ದೊಡ್ಡದು ಇಟ್ಟೆ, ಅಂಚು ಗಾಳಿಯ ದಾರಿಗೆ ಅಡ್ಡ ಬರಬಾರದು ಅಂತ. ಟಾರ್ಕ್ ರೆಂಚ್ ಸ್ನೇಹಿತರಿಂದ ತಂದು ನಡುವಿನಿಂದ ಹೊರಕ್ಕೆ 10, 15, ಕೊನೆಗೆ 22 ನ್ಯೂಟನ್ ಮೀಟರ್. ಮುಂಚೆ ನಾನು ಬಿಗಿದದ್ದು ಇದರ ಎರಡರಷ್ಟು ಇತ್ತೇನೋ, ಒಂದು ಸ್ಟಡ್ ಎಳೆದು ಉದ್ದವಾಗಿತ್ತು, ಹೊಸದು ಹಾಕಿದೆ.

ಬಿಸಿಯಾದ ಮೇಲೆ ಐಡ್ಲಿಂಗ್ 850, ಕದಲುವುದಿಲ್ಲ. ಗೇಜ್ ಹದಿನಾರೂವರೆ! ಮುಳ್ಳು ಕಲ್ಲಿನ ಹಾಗೆ ನಿಂತಿದೆ. ಬಿಸಿಲೆ ಘಾಟಿ ಹತ್ತಿ ಇಳಿದೆ, ನೀರಿನ ಮಟ್ಟ ಗೆರೆಯಲ್ಲೇ ಇದೆ. ಎಲ್ಲರಿಗೂ ಕೈಮುಗಿಯುತ್ತೇನೆ.

ಹಾಸನ_ಗ್ಯಾರೇಜ್

ಓದಿ ತುಂಬಾ ಖುಷಿಯಾಯಿತು ಅಣ್ಣ. ಎರಡು ಕೆಲಸ ಬಾಕಿ. ಒಂದು, ಎಂಜಿನ್ ಪೂರ್ತಿ ತಣ್ಣಗಿರುವಾಗ ನಟ್ ಎಲ್ಲ ಮತ್ತೊಮ್ಮೆ 22ಕ್ಕೆ ನೋಡಿ. ಹೊಸ ಪ್ಯಾಕಿಂಗ್ ಮೊದಲ ಕೆಲವು ಬಿಸಿಗೆ ಸ್ವಲ್ಪ ಕೂರುತ್ತದೆ. ಎರಡು, ಹಳೇ ಮ್ಯಾನಿಫೋಲ್ಡ್ ಕೆಳಗೆ ಬ್ಲಾಕ್‌ಗೆ ಹಿಡಿಸಿದ ಒಂದು ಸ್ಟೇ ಪಟ್ಟಿ ಇತ್ತಾ? ಅದನ್ನು ಹೊಸದಕ್ಕೂ ಹಾಕಿದಿರಾ?

ಮಲೆನಾಡು_ಜಿಪ್ಸಿ

ಇತ್ತು. ಹಾಕಿಲ್ಲ. ಹೊಸದರಲ್ಲಿ ಅದಕ್ಕೆ ತೂತೇ ಕೊಟ್ಟಿಲ್ಲ.

ಹಾಸನ_ಗ್ಯಾರೇಜ್

ಹಾಕಿಸಿ. ಈಗಿನ ಕಾರ್ಬುರೇಟರ್ ಮುಂಚಿನದಕ್ಕಿಂತ ತೂಕ, ಮ್ಯಾನಿಫೋಲ್ಡ್ ಇನ್ನೂ ಹೊರಗೆ ಚಾಚಿದೆ. ಅಷ್ಟು ಭಾರ ಬರೀ ಮೇಲಿನ ಸ್ಟಡ್ ಮೇಲೆ ನೇತಾಡುತ್ತಿದೆ. ಕಲ್ಲುದಾರಿಯಲ್ಲಿ ಪ್ರತಿ ಕುಲುಕಿಗೂ ಪ್ಯಾಕಿಂಗ್‌ನ ಮೇಲಂಚು ಸಡಿಲವಾಗುತ್ತದೆ. ಕೆಳಗಿನಿಂದ ಒಂದು ಪಟ್ಟಿ ಆಸರೆ ಕೊಟ್ಟರೆ ಸಾಕು. ಆದರೆ ಪಟ್ಟಿಯ ಬೋಲ್ಟ್ ಕೊನೆಗೆ ಬಿಗಿಯಿರಿ, ಉದ್ದ ತೂತು ಇಟ್ಟು, ಮ್ಯಾನಿಫೋಲ್ಡನ್ನು ಎಳೆಯದಂತೆ.

ಮಲೆನಾಡು_ಜಿಪ್ಸಿ

ಪಟ್ಟಿ ಹಾಕಿಸಿದೆ. ತಣ್ಣಗಿದ್ದಾಗ ನಟ್ ನೋಡಿದೆ. ಮೇಲಿನ ಸಾಲಿನ ಎರಡು ನಟ್ ಕಾಲು ಸುತ್ತು ತಿರುಗಿದವು, ಕೆಳಗಿನವು ಒಂದೂ ಕದಲಲಿಲ್ಲ. ಮುಂದಿನ ವಾರ ಮತ್ತೊಮ್ಮೆ ನೋಡಿ ಇಲ್ಲೇ ಬರೆಯುತ್ತೇನೆ.